ಐದು ಹಿಂದಕ್ಕೆ, ಒಂದು ಮುಂದಕ್ಕೆ

ಒಂದು ಗೇರ್‌ಬಾಕ್ಸಿಗೆ ನಾನು ತೆತ್ತದ್ದು ಒಂದು ಜೊತೆ ಹಳ್ಳಿಕಾರ್ ಎತ್ತಿನ ಬೆಲೆ. ಮೆರವಣಿಗೆ ಮಾಡಿಸುವಂಥ ಜೊತೆಯದಲ್ಲ, ಹಲ್ಲೆಲ್ಲ ಬಂದು ಬಾಯಿಗೂಡಿ ವಯಸ್ಸಾದ ಸಾಧಾರಣ ಜೊತೆಯದು. ಅಷ್ಟು ಯಾಕೆ ಕೊಟ್ಟೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಮಾರಿದವನು ಮೊದಲು ಹೇಳಿದ್ದು ಅದರ ಎರಡರಷ್ಟು. ಅರ್ಧಕ್ಕೆ ಇಳಿಸಿದ ಮೇಲೂ ಕೊಳ್ಳದೆ ಬರುವುದು ನನ್ನ ಜಾಯಮಾನವಲ್ಲ. ಹಳೆಯ ಪಂಪುಸೆಟ್ಟು, ಹಳೆಯ ಟ್ರ್ಯಾಕ್ಟರು ಕೊಂಡು ಮಾರಿಯೇ ಮದ್ದೂರಿನಲ್ಲಿ ಮನೆ ಕಟ್ಟಿದವನು ನಾನು. ಅಗ್ಗಕ್ಕೆ ಸಿಕ್ಕರೆ ಜ್ವರವನ್ನೂ ಕೊಳ್ಳುತ್ತೇನೆ ಎಂದು ನನ್ನ ಹೆಂಡತಿ ಭಾಗ್ಯ ಹೇಳುವುದುಂಟು.

ಕಾರೂ ಹಾಗೆಯೇ ಸಿಕ್ಕಿದ್ದು. ಮೈಸೂರಿನ ಒಬ್ಬ ಹಿರಿಯ ಡಾಕ್ಟರ ಹಿತ್ತಿಲಿನಲ್ಲಿ ಕೋಳಿಗಳಿಗೆ ಗೂಡಾಗಿತ್ತು. ಜರ್ಮನಿಯ ಹಳೆಯ ಸ್ಪೋರ್ಟ್ಸ್ ಕಾರು. ಮುಂದೆ ಬಾನೆಟ್ ಎತ್ತಿದರೆ ಖಾಲಿ. ಎಂಜಿನ್ನು ಹಿಂದೆ, ಡಿಕ್ಕಿ ಇರಬೇಕಾದಲ್ಲಿ. ರೇಡಿಯೇಟರ್ ಇಲ್ಲ, ನೀರಿನ ಹಂಗಿಲ್ಲ. ಒಂದು ಫ್ಯಾನು ಗಾಳಿ ಹೊಡೆದೇ ಎಂಜಿನ್ನನ್ನು ತಣ್ಣಗಿಡುತ್ತದೆ. ನಾನು ಮರುಳಾದದ್ದು ಅದಕ್ಕೇ. ಅಣ್ಣತಮ್ಮಂದಿರು ಮಾತು ಬಿಡುವುದೂ ನೀರಿಗೆ, ಊರೂರು ಹೆದ್ದಾರಿಗೆ ಬಂದು ಕೂರುವುದೂ ನೀರಿಗೆ ಎನ್ನುವ ಮಂಡ್ಯ ಜಿಲ್ಲೆಯಲ್ಲಿ ನೀರೇ ಬೇಡದ ಒಂದು ಪ್ರಾಣಿ!

ಒಂದೇ ಕೊರತೆ. ಮೂರನೇ ಗೇರಿಗೆ ಹಾಕಿದರೆ ಕೋಲು ತಾನಾಗಿ ನ್ಯೂಟ್ರಲ್ಲಿಗೆ ಜಿಗಿಯುತ್ತಿತ್ತು. ಗೇರ್‌ಬಾಕ್ಸ್ ಬದಲಾಯಿಸದೆ ವಿಧಿಯಿಲ್ಲ. ಕಾರು ಶೆಡ್ಡಿನಲ್ಲಿ ಮಲಗಿತು. ಆ ಶೆಡ್ಡಿನ ಮೇಲೆ ಭಾಗ್ಯಳಿಗೆ ಕಣ್ಣು. ಅಲ್ಲಿ ಎರಡು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕಬೇಕೆಂಬುದು ಅವಳ ಬಹಳ ದಿನದ ಆಸೆ. ಕೊನೆಗೊಂದು ದಿನ ತೀರ್ಪು ಕೊಟ್ಟಳು:

"ಮಳವಳ್ಳೀಲಿ ನಮ್ಮಣ್ಣನ ಮನೆ ಬೀಗರೂಟ ಐತಲ್ಲ, ಅವತ್ತು ನಿಮ್ ಕಾರಲ್ಲೇ ಬತ್ತೀನಿ. ಊಟದೊತ್ಗೆ ತಲುಪುಸ್ದ್ರೆ ಶೆಡ್ಡು ಕಾರ್ಗೆ. ಇಲ್ದಿದ್ರೆ ಅಸೀಗೆ. ಆಮೇಕೆ ಮಾತಿಲ್ಲ."

ಗೇರ್‌ಬಾಕ್ಸ್ ಗುರುತು ಹಿಡಿಯುವುದೂ ಎತ್ತನ್ನು ಗುರುತು ಹಿಡಿಯುವುದೂ ಒಂದೇ ವಿದ್ಯೆ ಎಂದು ಆಗ ನಾನು ನಂಬಿದ್ದೆ. ಎರಡರಲ್ಲೂ ಹಲ್ಲು ಎಣಿಸಬೇಕು. ಪೆಟ್ಟಿಗೆಯ ಕವಚ ಅಲ್ಯೂಮಿನಿಯಮ್ಮೋ ಅದಕ್ಕಿಂತ ಹಗುರವಾದ ಮೆಗ್ನೀಸಿಯಮ್ಮೋ ಎಂದು ಎತ್ತಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮಗುಚಿ ನೋಡಬೇಕು, ಏಕೆಂದರೆ ಅದರ ಜಾತಕವೆಲ್ಲ ಹೊಟ್ಟೆಯ ಕೆಳಗೆ ಕೊರೆದ ನಂಬರಿನಲ್ಲಿರುತ್ತದೆ. ಎತ್ತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೊಗದ ಎಡಕ್ಕೆ ಪಳಗಿದ್ದನ್ನು ಬಲಕ್ಕೆ ಹೂಡಿದರೆ ಅದು ಉಳುವುದಿಲ್ಲ, ಜಗಳವಾಡುತ್ತದೆ. ನಮ್ಮಪ್ಪ ಎತ್ತು ಕೊಳ್ಳುವಾಗ ಮೊದಲು ಕೇಳುತ್ತಿದ್ದದ್ದೇ "ಇದು ಯಾವ ಕಡೇದು?" ಎಂದು. ಆ ಪ್ರಶ್ನೆ ಕಬ್ಬಿಣಕ್ಕೂ ಸಲ್ಲುತ್ತದೆಂದು ನನಗೆ ಹೊಳೆಯಲಿಲ್ಲ.

ಸೋಮನಹಳ್ಳಿಯಲ್ಲಿ ನನ್ನ ಓರಗೆಯ ಬೋರಣ್ಣನ ಗುಜರಿ ಇದೆ. ಹಡಗಿನಲ್ಲಿ ಬಂದ ಹಳೆಯ ಸಾಮಾನೆಲ್ಲ ಒಂದಲ್ಲ ಒಂದು ದಿನ ಅವನಲ್ಲಿಗೆ ಬರುತ್ತದೆ. ಗ್ರೀಸು ಮೆತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಪೆಟ್ಟಿಗೆಯನ್ನು ನೋಡಿದ ಕೂಡಲೇ ಇದು ನನ್ನ ಕಾರಿನ ವಂಶದ್ದೇ ಎಂದು ತಿಳಿಯಿತು. ಆದರೆ ಜಾತ್ರೆಯಲ್ಲಿ ದನ ಕೊಂಡವರಿಗೆ ಗೊತ್ತು, ಬೇಕಾದ ಎತ್ತನ್ನು ನೋಡಬಾರದು. ಪಕ್ಕದ ಎತ್ತಿನ ಬಾಲ ಹಿಡಿದು ಮಾತಾಡಬೇಕು. ನಾನು ಒಡೆದ ಪಂಪೊಂದರ ಯೋಗಕ್ಷೇಮ ವಿಚಾರಿಸುತ್ತ ನಿಂತೆ. ಹೋಗುವಾಗ ಗೇರ್‌ಬಾಕ್ಸನ್ನು ಕಾಲಲ್ಲಿ ತಟ್ಟಿ, "ಈ ಕಲ್ಲುಗುಂಡು ಯಾಕ್ಲಾ ಮಡಗಿದ್ದೀಯ?" ಎಂದೆ.

ಬೋರಣ್ಣ ನಕ್ಕು ಹೆಗಲ ಟವೆಲ್ ತೆಗೆದ. ದನದ ಜಾತ್ರೆಯಂತೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಸೂಚಿಸುತ್ತಲೇ ವ್ಯಾಪಾರ ನಡೆಯಿತು. ಅವನು ಬೆರಳು ಬೆರಳಾಗಿ ಬಿಟ್ಟ, ನಾನು ಮಡಚಿದೆ. ಮಗುಚಿ ನಂಬರು ನೋಡಿದ್ದರೆ ನನ್ನ ಆಸೆ ಬಯಲಾಗುತ್ತಿತ್ತು, ಬೆಲೆ ಏರುತ್ತಿತ್ತು. ಆದ್ದರಿಂದ ನೋಡಲಿಲ್ಲ. ಹೀಗೆ ನೋಡದೆ ಉಳಿಸಿದ್ದನ್ನು ನೆನೆದು ದಾರಿಯುದ್ದಕ್ಕೂ ಹಿಗ್ಗಿದೆ.

ಮದ್ದೂರಿನ ನನ್ನ ಮೆಕ್ಯಾನಿಕ್ ಪುಟ್ಟಸ್ವಾಮಿ ಅದನ್ನು ಕೂರಿಸುವಾಗ ಒಮ್ಮೆ ತಲೆ ಕೆರೆದುಕೊಂಡ. "ಅಣ್ಣೋ, ಗೇರ್ ರಾಡ್ ಸೇರೋ ಕಡೆ ಮೂತಿ ಒಂದಾಗ್ತಿಲ್ಲ. ಅಳೇದ್ರ ಮೂತಿ ಬಿಚ್ಚಿ ಇದ್ಕೆ ಆಕ್ಬುಡ್ಲಾ?"

"ಹಾಕು, ಮೂಗುದಾರ ಬದಲಾದ್ರೆ ಎತ್ತು ಬದಲಾಗ್ತದಾ?" ಎಂದೆ. ಅದು ನನ್ನ ಆ ವರ್ಷದ ಅತ್ಯಂತ ಜಾಣ ಮಾತು ಎಂದು ಇಬ್ಬರಿಗೂ ಅನ್ನಿಸಿತು.

ಬೀಗರೂಟದ ಬೆಳಿಗ್ಗೆ ಭಾಗ್ಯ ರೇಷ್ಮೆ ಸೀರೆ ಉಟ್ಟು ಕೂತಳು. ಗಾಲಿಗಳಿಗೆ ನಿಂಬೆಹಣ್ಣಿಟ್ಟಿತ್ತು. ಮೊದಲನೇ ಗೇರಿಗೆ ಹಾಕಿ ಗಾಂಭೀರ್ಯದಿಂದ ಕ್ಲಚ್ ಬಿಟ್ಟೆ. ಕಾರು ಅಷ್ಟೇ ಗಾಂಭೀರ್ಯದಿಂದ ಹಿಂದಕ್ಕೆ ಹೋಗಿ ಹುಲ್ಲಿನ ಮೆದೆಗೆ ಒರಗಿತು. ಕೈತಪ್ಪೆಂದು ಎರಡನೆಯದಕ್ಕೆ ಹಾಕಿದೆ, ಮೆದೆಯೊಳಕ್ಕೇ ನುಗ್ಗಿತು. ಕಳಿಸಿಕೊಡಲು ಬಂದಿದ್ದ ಪುಟ್ಟಸ್ವಾಮಿ ಗಾಬರಿಯಿಂದ "ರಿವರ್ಸ್‌ಗಾಕಿ, ರಿವರ್ಸ್‌ಗಾಕಿ" ಎಂದು ಕೂಗಿದ. ಹಾಕಿದೆ. ಮುಂದಕ್ಕೆ ಬಂತು.

ಆಮೇಲೆ ತಿಳಿದ ವಿಷಯವಿದು. ಅದೇ ಪೆಟ್ಟಿಗೆಯನ್ನು ಆ ಜನ ಎರಡು ಬಗೆಯ ಕಾರಿಗೆ ಹಾಕುತ್ತಿದ್ದರು. ಒಂದರಲ್ಲಿ ಎಂಜಿನ್ನು ಹಿಂದಿನ ಗಾಲಿಗಿಂತ ಹಿಂದೆ, ಇನ್ನೊಂದರಲ್ಲಿ ಅದರ ಮುಂದೆ, ಸೀಟಿನ ಬೆನ್ನಿಗೆ. ಎರಡನೆಯದರಲ್ಲಿ ಪೆಟ್ಟಿಗೆಯನ್ನು ತಿರುಗಿಸಿ ಕೂರಿಸುವುದರಿಂದ ಒಳಗಿನ ದೊಡ್ಡ ಹಲ್ಲುಚಕ್ರವನ್ನು ಆಚೆ ಮಗ್ಗುಲಿಗೆ ಹಾಕಿರುತ್ತಾರೆ. ನಾನು ಕೊಂಡದ್ದು ಆ ಎರಡನೆಯ ಬಗೆಯದು, ಚಕ್ರವನ್ನು ಮಗ್ಗುಲು ಬದಲಾಯಿಸದೆ ನಾವು ಹೂಡಿದ್ದೆವು. ಎಡದ ಎತ್ತು ಬಲಕ್ಕೆ ಬಂದಿತ್ತು. ನನ್ನ ಬಳಿ ಈಗ ಹಿಂದಕ್ಕೆ ಹೋಗಲು ಐದು ಗೇರು, ಮುಂದಕ್ಕೆ ಒಂದು.

"ಇಳೀಲಾ? ಅಸೀನ ಇವತ್ತೇ ನೋಡ್ಕಂಡ್ ಬರಾನಾ?" ಎಂದಳು ಭಾಗ್ಯ.

"ಕೂತ್ಕೊ. ಮುಂದಕ್ಕೆ ಹೋಗಕ್ಕೆ ಒಂದು ಗೇರು ಸಾಕು" ಎಂದೆ.

ಮದ್ದೂರಿನಿಂದ ಮಳವಳ್ಳಿಗೆ ಆ ಒಂದೇ ಗೇರಿನಲ್ಲಿ ಹೋದೆವು. ಎಂಜಿನ್ನು ಆಕಾಶ ಹರಿಯುವಂತೆ ಕೂಗುತ್ತಿತ್ತು, ಕಾರು ನಿಬ್ಬಣದ ಗಾಡಿಯಂತೆ ಸಾಗುತ್ತಿತ್ತು. ಎಂಜಿನ್ನು ಕೂಗಿದಷ್ಟೂ ಫ್ಯಾನು ಗಾಳಿ ಹೊಡೆಯುವುದರಿಂದ ಅದು ಮಾತ್ರ ಬಿಸಿಯಾಗಲಿಲ್ಲ, ಬಿಸಿಯಾದದ್ದು ನಾನು. ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡುಗಳು ನಮ್ಮನ್ನು ದಾಟಿದವು. ಮೊಪೆಡ್ಡಿಗೆ ಹುಲ್ಲಿನ ಹೊರೆ ಹೇರಿದ್ದ ಒಬ್ಬ ಮುದುಕ ಪಕ್ಕಕ್ಕೇ ಬಂದು, "ಅಣ್ಣೋ, ಇಂಗೆ ಬಡ್ಕತದಲ್ಲ, ಅಸಿದೈತೇನೋ? ಒಂದ್ ಕಂತೆ ಉಲ್ ಆಕ್ಲಾ?" ಎಂದು ಕೇಳಿ ಮುಂದೆ ಹೋದ. ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಣಿಯುತ್ತಿತ್ತು.

ತಲುಪಿದಾಗ ಕೊನೆಯ ಪಂಕ್ತಿ ಏಳುತ್ತಿತ್ತು. ಮುದ್ದೆ ಆರಿತ್ತು, ಸಾರಿನಲ್ಲಿ ಮೂಳೆಗಳದ್ದೇ ಬಹುಮತ. ಊಟ ಉಳಿದಿರುವವರೆಗೂ ಊಟದ ಹೊತ್ತೇ ಎಂದು ನಾನು ವಾದ ಹೂಡಿದೆ. ಭಾಗ್ಯ ದನದ ದಲ್ಲಾಳಿಯ ಮಗಳು. ಸೆರಗಿನ ಕೆಳಗೆ ನನ್ನ ಕೈ ಎಳೆದುಕೊಂಡು ಒಂದು ಬೆರಳು ಅದುಮಿದಳು. ಅರ್ಧ ಶೆಡ್ಡು ಕಾರಿಗೆ, ಅರ್ಧಕ್ಕೆ ಒಂದೇ ಹಸು. ಎರಡರಿಂದ ಒಂದಕ್ಕೆ ಇಳಿಸಿದೆನೆಂಬ ಸಂತೋಷದಲ್ಲಿ ಒಪ್ಪಿಬಿಟ್ಟೆ.

ಬೋರಣ್ಣನ ಮೇಲೆ ಹರಿಹಾಯಲು ಹೋದರೆ ಅವನು ಕೂತಲ್ಲಿಂದ ಏಳಲೂ ಇಲ್ಲ. "ಇದು ಬ್ಯಾರೆ ಕಾರಿಂದು ಅಂತ ನಂಗ್ ಗೊತ್ತಿತ್ತು ಕಣ್ಲಾ. ಕೇಳಿದ್ರೆ ಯೇಳ್ತಿದ್ದೆ. ನೀನು ಕಲ್ಲುಗುಂಡು ಅಂದೆ. ಕಲ್ಲುಗುಂಡ್ಗೆ ಎಡ ಯಾವ್ದು ಬಲ ಯಾವ್ದು?" ಎಂದ. ಆಮೇಲೆ ಕಾಫಿ ತರಿಸಿ, ಚಕ್ರವನ್ನು ಮಗ್ಗುಲು ಬದಲಾಯಿಸುವ ಬಗೆಯನ್ನು ನೆಲದ ಮೇಲೆ ಬರೆದು ತೋರಿಸಿದ. ಕಾಫಿಯ ದುಡ್ಡು ನಾನೇ ಕೊಟ್ಟೆ, ಚೌಕಾಸಿ ಮಾಡದೆ. ಪುಟ್ಟಸ್ವಾಮಿ ಮತ್ತೆ ಬಿಚ್ಚಿ ಸರಿಮಾಡಿದ. ಈಗ ಐದೂ ಮುಂದಕ್ಕೇ ಹೋಗುತ್ತವೆ.

ಆದ್ದರಿಂದ, ಹಳೆಯ ಕಾರಿಗೆ ಗೇರ್‌ಬಾಕ್ಸ್ ಹುಡುಕುತ್ತಿರುವ ಮಹನೀಯರೇ, ನಾಚಿಕೆ ಬಿಟ್ಟು ಪೆಟ್ಟಿಗೆಯನ್ನು ಮಗುಚಿ, ಗ್ರೀಸು ಒರೆಸಿ ನಂಬರು ಓದಿ. ಒಂದನೇ ಗೇರಿಗೆ ಹಾಕಿ, ಎಂಜಿನ್ನು ಸೇರುವ ಕಡೆಯ ಶಾಫ್ಟನ್ನು ಎಂಜಿನ್ನು ತಿರುಗುವ ದಿಕ್ಕಿಗೇ ಕೈಯಲ್ಲಿ ತಿರುಗಿಸಿ, ಗಾಲಿಯ ಕಡೆ ಯಾವ ದಿಕ್ಕಿಗೆ ತಿರುಗುತ್ತದೆ ನೋಡಿ. ಮೂತಿ ಕೂಡದಿದ್ದರೆ ಗಾದೆ ಹೇಳಬೇಡಿ, ಕೆಲಸ ನಿಲ್ಲಿಸಿ. ಚೌಕಾಸಿ ಖಂಡಿತ ಮಾಡಿ, ಆದರೆ ಮಾರುವವನಿಗೆ ಒಂದಿಷ್ಟು ಲಾಭ ಉಳಿಸಿ. ಅವನು ಪುಕ್ಕಟೆ ಹೇಳುವ ಮಾತು ಆ ಲಾಭದ ಒಳಗೇ ಇರುತ್ತದೆ.

ಇನ್ನು, ಹೆಂಡತಿ ಒಂದೇ ಹಸು ಸಾಕು ಎಂದರೆ, ಒಪ್ಪುವ ಮುಂಚೆ ಅದು ಗಬ್ಬವೇ ಎಂದು ಕೇಳಿ. ನಾನು ಕೇಳಲಿಲ್ಲ. ಶೆಡ್ಡಿನಲ್ಲಿ ಕಾರಿನ ಅರ್ಧ ಈಗ ಕರುವಿಗೆ, ಕಾರು ಬೇವಿನ ಮರದ ಕೆಳಗಿದೆ.