ಮಾವನ ಎಲೆಗೆ ಹೊಗೆಸೊಪ್ಪು

ಅಳಿಯಕಟ್ಟಿನ ಮನೆತನದಲ್ಲಿ ಹುಟ್ಟಿದವರಿಗೆ ಸೋದರಮಾವನ ಆಸ್ತಿ ಬರುತ್ತದೆ ಎಂದು ಘಟ್ಟದ ಮೇಲಿನ ನನ್ನ ಗೆಳೆಯರು ಈಗಲೂ ತಿಳಿದಿದ್ದಾರೆ. ನನಗೆ ಬಂದದ್ದು ಒಂದು ಪೈಪು. ಬೆಳ್ತಂಗಡಿಯ ಮನೆ, ರಬ್ಬರ್ ತೋಟ ಎಲ್ಲ ಮಾವನ ಮಗನಿಗೆ, ಅಂದರೆ ನನ್ನ ಭಾವನಿಗೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ. ಮಾವನ ಮಗಳನ್ನು ನಾನು ಎಷ್ಟೋ ವರ್ಷ ಮೊದಲೇ ಮದುವೆಯಾಗಿ ಮೂಡುಬಿದಿರೆಗೆ ಕರೆತಂದಿರುವುದರಿಂದ, ನನಗೆ ಏನೂ ಸಿಗಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ನನಗಿಲ್ಲ.

ಮಾವ ಇಪ್ಪತ್ತು ವರ್ಷ ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದವರು. ಊರಿಗೆ ಮರಳುವಾಗ ಒಂದು ಕಿವಿಯ ಶಕ್ತಿಯನ್ನು ಸಮುದ್ರಕ್ಕೆ ಬಿಟ್ಟು, ಒಂದು ಪೈಪು ಮತ್ತು ನಾಲ್ಕು ಡಬ್ಬಿ ಹೊಗೆಸೊಪ್ಪು ತಂದಿದ್ದರು. ಡಬ್ಬಿಗಳು ಒಂದು ಮಳೆಗಾಲಕ್ಕೆ ಖಾಲಿಯಾದವು. ಬೆಳ್ತಂಗಡಿಯಲ್ಲಿ ಬೀಡಿ ಬೇಕಾದಷ್ಟು ಉಂಟು, ಪೈಪಿನ ಹೊಗೆಸೊಪ್ಪು ಎಲ್ಲಿ ಸಿಗಬೇಕು? ಹಾಗಾಗಿ ತಾವೇ ಮಾಡಿಕೊಳ್ಳತೊಡಗಿದರು. ವರ್ಷಕ್ಕೊಮ್ಮೆ, ಮಳೆ ಜೋರಾಗಿ ಹೊರಗೆ ಕೆಲಸವಿಲ್ಲದ ದಿನಗಳಲ್ಲಿ, ಅಟ್ಟ ಹತ್ತಿ ಕುಳಿತರೆ ಊಟಕ್ಕೆ ಮಾತ್ರ ಇಳಿಯುತ್ತಿದ್ದರು. ಅಲ್ಲಿ ಏನು ಮಾಡುತ್ತಾರೆಂದು ಯಾರೂ ಇಣುಕಿ ನೋಡಲಿಲ್ಲ. ಮೂರು ವರ್ಷದ ಹಿಂದೆ ಅವರು ತೀರಿಕೊಂಡಾಗ ಆ ವಿದ್ಯೆಯೂ ಅವರ ಜೊತೆ ಹೋಯಿತು. ಅವರು ಹೇಳಿಕೊಡಲಿಲ್ಲ ಎನ್ನುವುದು ಸುಳ್ಳು. ನಾವು ಯಾರೂ ಕೇಳಲಿಲ್ಲ.

ನಮ್ಮಲ್ಲಿ ದೀಪಾವಳಿಗೆ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಎಲೆ ಅಡಿಕೆ ತಿನ್ನುತ್ತಿದ್ದವರಿಗೆ ಎಲೆ ಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ ಇಟ್ಟು, ಬಾಗಿಲು ಮುಚ್ಚಿ ನಾವು ಹೊರಗೆ ಕೂರುತ್ತೇವೆ. ಅವರು ಉಂಡಿರಬಹುದು ಅನಿಸಿದಾಗ ಮನೆಯ ಹಿರಿಯರು ಬಾಗಿಲು ತೆಗೆಯುತ್ತಾರೆ. ಆಮೇಲೆ ಆ ಎಲೆಯದನ್ನು ನಾವೇ ಹಂಚಿಕೊಂಡು ಊಟ ಮಾಡುವುದು. ಮಾವ ಹೋದ ಮೊದಲ ವರ್ಷ ಅವರ ಎಲೆಯ ಪಕ್ಕ ಒಂದು ಕಟ್ಟು ಬೀಡಿ ಇಟ್ಟೆವು. ಎರಡನೆಯ ವರ್ಷ ನಾನು ಆನ್‌ಲೈನಿನಲ್ಲಿ ತರಿಸಿದ ವಿದೇಶಿ ಡಬ್ಬಿ ಇಟ್ಟೆ. ಅತ್ತೆ ಎರಡೂ ಸಲ ಬಾಗಿಲು ತೆಗೆದು, ಎಲೆಯನ್ನು ನೋಡಿ, ಅವರು ಅದನ್ನು ಮುಟ್ಟಿರಲಿಕ್ಕಿಲ್ಲ ಎಂದರು.

ಎರಡನೆಯ ವರ್ಷ ಊಟವಾದ ಮೇಲೆ ಕೈ ತೊಳೆಯುವಲ್ಲಿ ಅವರು ನನ್ನನ್ನು ಹಿಡಿದು ನಿಲ್ಲಿಸಿದರು. "ಊಟ ಆದ ಮೇಲೆ ಹೊಗೆ ಇಲ್ಲದಿದ್ರೆ ಅವರಿಗೆ ಊಟ ಆದ ಹಾಗೇ ಆಗುದಿಲ್ಲ. ಎರಡು ವರ್ಷ ಹಾಗೇ ಎದ್ದು ಹೋಗಿದ್ದಾರೆ. ನನಗೆ ಎಂಬತ್ತು ಹತ್ತಿರ ಆಯ್ತು, ಮಾರಾಯ. ಬರುವ ವರ್ಷ ನಾನು ಎಲೆಯ ಈಚೆ ಬದಿ ಇರ್ತೇನೋ ಆಚೆ ಬದಿ ಇರ್ತೇನೋ. ಅದರೊಳಗೆ ಒಂದು ಸಲ ಅವರದ್ದೇ ಹೊಗೆಸೊಪ್ಪು ಇಡುವ ಹಾಗೆ ಮಾಡು."

ತೀರಿಹೋದವರು ಬಂದು ಉಣ್ಣುತ್ತಾರೆಂದು ನಾನು ನಂಬುವವನಲ್ಲ. ಮಿಜಾರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಂಬಿದರೆ ಸಂಬಳಕ್ಕೆ ಮೋಸ ಮಾಡಿದ ಹಾಗೆ. ಆದರೆ ಅತ್ತೆ ನಂಬುತ್ತಾರೆ. ತಮ್ಮ ಗಂಡ ಅರ್ಧ ತೃಪ್ತಿಯಲ್ಲಿ ಎದ್ದು ಹೋಗುತ್ತಿದ್ದಾರೆಂದು ಅವರು ಎರಡು ವರ್ಷ ಒಳಗೊಳಗೇ ಕೊರಗಿದ್ದಾರೆಂದು ತಿಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಇದೆಲ್ಲ ನನ್ನ ಕೈಯಲ್ಲಿ ಎರಡು ವಾರದ ಕೆಲಸ ಎಂದು ದೊಡ್ಡದಾಗಿ ಹೇಳಿ ಬಂದೆ. ಬೇಸಗೆ ರಜೆಯಲ್ಲಿ ಶುರು ಮಾಡಿದ್ದು ದೀಪಾವಳಿಯವರೆಗೆ ಎಳೆಯಿತು.

ಮೊದಲು ಹೋದದ್ದು ಬಂಟ್ವಾಳ ಪೇಟೆಗೆ. ಬಿ.ಸಿ.ರೋಡಿನಲ್ಲಿ ಬಸ್ಸಿಳಿದು, ಎಲೆ ಅಡಿಕೆ ಹೊಗೆಸೊಪ್ಪು ಮಾರುವ ಹಳೆಯ ಅಂಗಡಿಯೊಂದನ್ನು ಹುಡುಕಿಕೊಂಡು ಹೋದೆ. ಮಾವ ಅಲ್ಲಿಂದಲೇ ತರುತ್ತಿದ್ದರೆಂದು ಅತ್ತೆಗೆ ಗೊತ್ತಿತ್ತು. ಅಂಗಡಿಯ ಮುದುಕರಿಗೆ ಮಾವನ ನೆನಪು ಚೆನ್ನಾಗಿಯೇ ಇತ್ತು, ಸಿಟ್ಟು ಸ್ವಲ್ಪ ಉಳಿದಿತ್ತು. ಒಂದೊಂದೇ ಎಲೆ ಬಿಡಿಸಿ ನೋಡಿ, ದಪ್ಪ ನರ ಇರುವುದನ್ನೆಲ್ಲ ಬದಿಗೆ ಹಾಕಿ, ಕಟ್ಟು ಕಟ್ಟನ್ನೇ ಹಾಳು ಮಾಡುತ್ತಿದ್ದರಂತೆ. ಕಪ್ಪು ದಪ್ಪ ಎಲೆ ಎರಡು ಪಾಲು, ತೆಳು ಹಳದಿ ಎಲೆ ಒಂದು ಪಾಲು. ಹದ ಉಂಟೋ ಇಲ್ಲವೋ ತಿಳಿಯಲು ಎಲೆಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರಂತೆ. ನಾನೂ ಒತ್ತಿದೆ. ನನ್ನ ಕೆನ್ನೆಗೆ ಏನೂ ತಿಳಿಯಲಿಲ್ಲ, ಮುದುಕರು ಮುಖ ತಿರುಗಿಸಿ ನಕ್ಕರು.

ಹೆಂಡತಿ ಮನೆಯೊಳಗೆ ಒಂದು ಎಲೆಯನ್ನೂ ಬಿಟ್ಟುಕೊಡಲಿಲ್ಲ. ಕಾರಿನ ಶೆಡ್ಡಿನಲ್ಲಿ ಒಂದು ಮೇಜು ಹಾಕಿ, ತೂಕದ ಯಂತ್ರ, ನೋಟ್‌ಬುಕ್ ಇಟ್ಟುಕೊಂಡು ಕುಳಿತೆ. ಮೊದಲ ಸಲ ಎಲೆಯ ನರ ಸುಲಿದು, ಹೆಚ್ಚಿ, ಜೇನು ಕಲಸಿ, ನೆರಳಲ್ಲಿ ಒಣಗಿಸಿ ಪೈಪಿಗೆ ತುಂಬಿದೆ. ಎರಡು ದಮ್ಮಿಗೆ ಬಿಕ್ಕಳಿಕೆ ಹಿಡಿಯಿತು, ನಾಲ್ಕನೆಯದಕ್ಕೆ ಶೆಡ್ಡು ತಿರುಗತೊಡಗಿತು. ಹೆಂಡತಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟು, ಅಪ್ಪ ಇಪ್ಪತ್ತು ವರ್ಷ ಸಮುದ್ರದಲ್ಲಿ ಇದ್ದದ್ದು ಇದಕ್ಕೇ ಇರಬೇಕು, ತಲೆ ತಿರುಗುವುದು ಅಭ್ಯಾಸ ಆಗಲಿ ಅಂತ, ಎಂದಳು. ಆದರೂ ಒಂದು ಪೊಟ್ಟಣ ಕಟ್ಟಿ ಅತ್ತೆಗೆ ಒಯ್ದೆ. ಅವರು ಮೂಸಿ ನೋಡಿ, ಇದು ಹೆಂಗಸರು ಕಟ್ಟಿದ ಬೀಡಿ ಕೊಡಲು ಹೋಗುವ ಬೀಡಿ ಕಂಪನಿಯ ಬ್ರಾಂಚಿನ ವಾಸನೆ ಎಂದು ತೀರ್ಪು ಕೊಟ್ಟರು.

ಎರಡನೆಯ ಸಲ ಇಂಟರ್‌ನೆಟ್ಟಿನ ಮಾತು ಕೇಳಿ ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸಿ ಸೇರಿಸಿದೆ. ಅದು ಕ್ರಿಸ್ಮಸ್ ಕೇಕು ಎಂದರು ಅತ್ತೆ. ನನಗೆ ರೇಗಿತು. ವಾಸನೆ ಹೇಗಿತ್ತೆಂದು ನೀವಾದರೂ ಸರಿಯಾಗಿ ಹೇಳಿ, ಸಿಹಿಯೋ ಹುಳಿಯೋ ಎಂದು ಕೇಳಿದೆ. ನಲವತ್ತು ವರ್ಷ ಪಕ್ಕದಲ್ಲಿ ಕುಳಿತವರಿಗೆ ಅದು ಸಿಹಿ, ಇದು ಹುಳಿ ಎಂದು ಬೇರೆ ಮಾಡಲು ಬರುವುದಿಲ್ಲವಂತೆ. ಅದು ಅವರ ವಾಸನೆ, ಅಷ್ಟೇ. ಆದರೆ ಮಾತಿನ ನಡುವೆ ಒಂದು ದೂರು ಹೊರಬಿತ್ತು: ಮಳೆಗಾಲ ಬಂತೆಂದರೆ ತಮ್ಮ ಇಡ್ಲಿ ಪಾತ್ರೆಯೂ ಶ್ಯಾವಿಗೆ ಒತ್ತುವ ಮರದ ಮಣೆಯೂ ಒಂದು ವಾರ ಅಟ್ಟ ಸೇರುತ್ತಿದ್ದವು ಎಂದು.

ಆಗ ನನ್ನ ಕಣ್ಣು ತೆರೆಯಿತು. ಮಾವ ಎಲೆಯನ್ನು ಹಬೆಯಲ್ಲಿ ಬೇಯಿಸುತ್ತಿದ್ದರು, ಆಮೇಲೆ ಒತ್ತುತ್ತಿದ್ದರು. ಮೂರನೆಯ ಸಲ ಬೆಲ್ಲದ ನೀರು ಚಿಮುಕಿಸಿದ ಎಲೆಯನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆ. ಹಳದಿ ಎಲೆಯೂ ಕಪ್ಪಾಗಿ, ಮೆತ್ತಗಾಗಿ, ಶೆಡ್ಡಿನಲ್ಲಿ ಬೆಲ್ಲ ಕಾಯಿಸುವ ಪರಿಮಳ ತುಂಬಿತು. ಬಿಸಿ ಇರುವಾಗಲೇ ಒತ್ತಿ, ಅಡಿಕೆ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಹಗ್ಗ ಬಿಗಿದು, ಮೇಲೆ ಅರೆಯುವ ಕಲ್ಲು ಹೇರಿದೆ. ಹತ್ತು ದಿನದ ಮೇಲೆ ಬಿಚ್ಚಿದಾಗ ಗಟ್ಟಿ ಬಿಲ್ಲೆ. ಮೆಟ್ಟುಕತ್ತಿಯ ಮುಂದೆ ಕುಳಿತು ಕ್ಯಾಬೇಜು ಹೆಚ್ಚಿದ ಹಾಗೆ ತೆಳ್ಳಗೆ ಹೆಚ್ಚಿ, ಅಂಗೈಯಲ್ಲಿ ಉಜ್ಜಿ ಬಿಡಿಸಿದರೆ ನೂಲು ನೂಲಾಗಿ ಉದುರಿತು. ಆ ಸಂಜೆಯ ಖುಷಿಯನ್ನು ನಾನು ಪಿಎಚ್‌ಡಿ ಬಂದ ದಿನವೂ ಪಟ್ಟಿರಲಿಲ್ಲ.

ಅತ್ತೆ ಈ ಸಲ ಬಹಳ ಹೊತ್ತು ಮೂಸಿದರು. "ಹತ್ತಿರ ಉಂಟು," ಎಂದರು. "ಅವರ ಅಂಗಿ ಉಂಟು, ಅವರು ಇಲ್ಲ."

ಇನ್ನೇನು ಕಡಿಮೆಯೆಂದು ಇಬ್ಬರಿಗೂ ತಿಳಿಯದು. ಪುನರ್ಪುಳಿ ಸಿಪ್ಪೆ ಹಾಕಿದೆ, ಏಲಕ್ಕಿ ಹಾಕಿದೆ, ಭಾವನ ತೋಟದ ಕೊಕ್ಕೋ ಬೀಜ ಹುರಿದು ಹಾಕಿದೆ. ಯಾವುದೂ ಆಗಲಿಲ್ಲ. ಆಟಿ ತಿಂಗಳ ಮಳೆ ಹಿಡಿದ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದ ಅಷ್ಟಕ್ಕೂ ಬೂಸಲು ಬಂತು. ಬೆಳ್ತಂಗಡಿಗೆ ಹೋದಾಗ ಅತ್ತೆಯೆದುರು ಗೋಳು ತೋಡಿಕೊಂಡೆ. ಅವರು ಹಲಸಿನ ಉಪ್ಪುಸೊಳೆ ತೊಳೆಯುತ್ತಾ ಕುಳಿತಿದ್ದರು. ಬೇಸಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆಯನ್ನು ಆಟಿಯಲ್ಲಿ ತೆಗೆದು ರೊಟ್ಟಿಯೋ ಪಲ್ಯವೋ ಮಾಡದ ಮನೆ ನಮ್ಮ ಕಡೆ ಕಡಿಮೆ. ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಬೂಸಲು ಬಾರದೆ ಇರುತ್ತದೆಯೇ ಎಂದು ಬೈದು, ಆಗಷ್ಟೇ ಖಾಲಿಯಾದ ಸೊಳೆಯ ಭರಣಿಯನ್ನು ನನ್ನ ಕೈಗೆ ಕೊಟ್ಟರು. ಬಿಸಿನೀರಿನಲ್ಲಿ ತೊಳೆದು, ಒಲೆಯ ಬದಿಯಲ್ಲಿ ಎರಡು ದಿನ ಒಣಗಿಸಬೇಕೆಂದು ಹೇಳಿದರು. ನಾನು ತಣ್ಣೀರಿನಲ್ಲಿ ಒಮ್ಮೆ ಆಡಿಸಿ, ನ್ಯೂಸ್‌ಪೇಪರಿನಲ್ಲಿ ಒರೆಸಿದೆ. ಹೊಸದಾಗಿ ಒತ್ತಿದ ಬಿಲ್ಲೆಗಳನ್ನು ಅದರೊಳಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಶೆಡ್ಡಿನ ಮೂಲೆಯಲ್ಲಿಟ್ಟು ಪರೀಕ್ಷೆಯ ಪೇಪರು ತಿದ್ದಲು ಹೋದೆ.

ಬಟ್ಟೆ ಬಿಚ್ಚಿದ್ದು ಎರಡು ತಿಂಗಳ ಮೇಲೆ, ಒಂದು ಭಾನುವಾರ. ಮೂಗು ಭರಣಿಗೆ ತಾಗುವ ಮೊದಲೇ ಮಾವ ಬಂದು ಬೆನ್ನ ಹಿಂದೆ ನಿಂತ ಹಾಗಾಯಿತು. ಬೆಲ್ಲದ ಅಡಿಯಲ್ಲಿ ಒಂದು ಉಪ್ಪು ಉಪ್ಪು ಹುಳಿ ಘಾಟು. ಚಿಕ್ಕವನಿದ್ದಾಗ ಅವರ ತೊಡೆಯ ಮೇಲೆ ಕುಳಿತು ಕೇಳಿದ ಹಡಗಿನ ಕತೆಗಳೆಲ್ಲ ಇದೇ ವಾಸನೆಯಲ್ಲಿದ್ದವು. ನಾನು ಹೆದರಿ ಒಮ್ಮೆ ತಿರುಗಿಯೂ ನೋಡಿದೆ ಎಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ.

ಭರಣಿಯನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋದೆ, ಹೆಂಡತಿಯೂ ಬಂದಳು. ಅತ್ತೆ ಭರಣಿಗೆ ಮುಖ ಬಗ್ಗಿಸಿ ಮೂಸಿದರು. ಏನು ಹಾಕಿದೆ ಎಂದು ಕೇಳಿದರು. ಹೊಸತೇನೂ ಹಾಕಿಲ್ಲವೆಂದೆ. ಭರಣಿ ಹೇಗೆ ತೊಳೆದೆ ಎಂದು ಕೇಳಿದರು. ಹೇಳಿದೆ. ಅವರು ಹಣೆಗೆ ಕೈ ಹಚ್ಚಿ ನಗಲು ಶುರು ಮಾಡಿದವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಸೊಳೆ ಖಾಲಿಯಾದ ಒಂದು ಭರಣಿ ವರ್ಷ ವರ್ಷವೂ ತೊಳೆಯುವ ಜಾಗದಿಂದ ಮಾಯವಾಗುತ್ತಿತ್ತಂತೆ, ಮುಂದಿನ ಹಲಸಿನ ಕಾಲಕ್ಕೆ ಸರಿಯಾಗಿ ಅಲ್ಲೇ ಬಂದು ಕೂರುತ್ತಿತ್ತಂತೆ. ಕೆಲಸದವಳು ಉಪ್ಪಿನಕಾಯಿಗೆಂದು ಕೊಂಡುಹೋಗಿ ತಂದಿಡುತ್ತಾಳೆಂದು ಅತ್ತೆ ತಿಳಿದು, ಹೋಗಲಿ ಪಾಪ ಎಂದು ಬಾಯಿಬಿಟ್ಟಿರಲಿಲ್ಲ. ಕಳ್ಳ ಮನೆಯೊಳಗೇ ಇದ್ದರು. ಅವರು ತೊಳೆಯುತ್ತಿದ್ದದ್ದೂ ನನ್ನ ಹಾಗೆಯೇ ಇರಬೇಕು, ಗಂಡಸರ ತೊಳೆಯುವಿಕೆ.

ಹೆಂಡತಿಗೆ ಅದರ ಮುಂದಿನ ಲೆಕ್ಕ ಥಟ್ಟನೆ ಹೊಳೆಯಿತು. ಭರಣಿ ಹೊಗೆಸೊಪ್ಪಿನಿಂದ ಮತ್ತೆ ಸೊಳೆಗೆ ಹೋಗುತ್ತಿತ್ತಲ್ಲ. ನಮ್ಮತ್ತೆಯ ಉಪ್ಪುಸೊಳೆ ರೊಟ್ಟಿ ಇಡೀ ಕುಟುಂಬದಲ್ಲಿ ಹೆಸರುವಾಸಿ. ಒಂದು ತಿಂದವರು ಇನ್ನೊಂದು ತಿನ್ನದೆ ಎಲೆ ಬಿಟ್ಟು ಏಳುತ್ತಿರಲಿಲ್ಲ. ಅದು ಅಮ್ಮನ ಕೈಗುಣವೋ ಅಪ್ಪನ ಹೊಗೆಸೊಪ್ಪೋ ಎಂದು ಅವಳು ಕೇಳಿದಾಗ ಅತ್ತೆಯ ನಗು ನಿಂತಿತು. ಈ ಮಾತು ಅಡುಗೆಮನೆ ದಾಟಬಾರದೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡರು. ಈಗ ನಾನು ಬರೆದುಬಿಟ್ಟೆ, ಇನ್ನು ಬೈಸಿಕೊಳ್ಳುವುದು ಉಂಟು.

ಇದೇ ತಾನೇ ಮಾವನದು ಎಂದು ನಾನು ಕೇಳಿದೆ. ಹೊತ್ತಿಸದೆ ಹೇಳಲಾಗುವುದಿಲ್ಲ, ಎಲೆಯ ವಾಸನೆ ಬೇರೆ, ಹೊಗೆಯ ವಾಸನೆ ಬೇರೆ ಎಂದರು. ಹಾಗಾದರೆ ಈಗಲೇ ಹೊತ್ತಿಸುತ್ತೇನೆ ಎಂದು ಪೈಪು ತೆಗೆದೆ. ಅವರು ನನ್ನ ಕೈ ತಡೆದರು. ತೀರಿಹೋದವರಿಗೆಂದು ಮಾಡಿದ್ದನ್ನು ಅವರಿಗಿಂತ ಮೊದಲು ನಾವು ರುಚಿ ನೋಡುವ ಕ್ರಮವಿಲ್ಲ. ದೀಪಾವಳಿಗೆ ಇನ್ನೂ ಮೂರು ವಾರವಿತ್ತು.

ಒಂದು ವಿಷಯ ನಾನು ಅತ್ತೆಗೆ ಹೇಳಲಿಲ್ಲ. ಆ ಭಾನುವಾರ ಭರಣಿ ತೆರೆದ ಕೂಡಲೇ, ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತು ಒಂದು ಪೈಪು ಸೇದಿ ಮುಗಿಸಿದ್ದೆ. ಬಿಕ್ಕಳಿಕೆ ಬರಲಿಲ್ಲ, ತಲೆ ತಿರುಗಲಿಲ್ಲ. ಅವಸರ ಮಾಡಿದರೆ ನಾಲಿಗೆ ಸುಡುತ್ತದೆ, ಮರೆತು ಕುಳಿತರೆ ಆರಿಹೋಗುತ್ತದೆ; ಎರಡರ ನಡುವೆ ಸಣ್ಣಗೆ ಎಳೆಯುತ್ತಾ ಕೂತರೆ ಬೇರೆ ಯೋಚನೆಯೇ ಬರುವುದಿಲ್ಲ. ಮುಂಗೋಪಿಯಾದ ನನಗೆ ಅರ್ಧ ಗಂಟೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಆದರೆ ಅದು ಮಾವನದೇ ಹೊಗೆಯೋ ಅಲ್ಲವೋ ಎಂದು ಸೇದುವವನಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ತಿಳಿಯುತ್ತದೆ.

ದೀಪಾವಳಿಯ ಸಂಜೆ ನಡುಕೋಣೆಯಲ್ಲಿ ಎಲೆ ಹಾಕಿದೆವು. ಕೋಳಿ ಪದಾರ್ಥ, ರೊಟ್ಟಿ, ಮೀನು, ಮಾವನಿಗೆ ಇಷ್ಟವಾದ ಕಡಲೆ ಪಾಯಸ ಎಲ್ಲ ಬಡಿಸಿಯಾಯಿತು. ಅಳಿಯನಾದ ನಾನು ಪೈಪಿಗೆ ಹೊಗೆಸೊಪ್ಪು ತುಂಬಿ, ಕಡ್ಡಿ ಗೀರಿ, ಹೊತ್ತಿಕೊಳ್ಳುವಷ್ಟು ಮಾತ್ರ ಎಳೆದು, ಎಲೆಯ ಬಲಬದಿಗೆ ಇಟ್ಟೆ. ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕುಳಿತೆವು. ಅತ್ತೆ ಬಾಗಿಲಿಗೆ ಹತ್ತಿರ, ಗೋಡೆಗೆ ಒರಗಿ ಕುಳಿತರು.

ಮೊದಲು ಕೋಳಿಯ ಮಸಾಲೆಯ ಪರಿಮಳ ಬಂತು. ಆಮೇಲೆ ಬಾಗಿಲ ಸಂದಿನಿಂದ ಹೊಗೆ ಬಂತು. ಭಾವ ಕೈಯಲ್ಲಿದ್ದ ಮೊಬೈಲು ಕೆಳಗಿಟ್ಟ. ಅತ್ತೆಯ ಮುಖ ನನಗೆ ಕಾಣುತ್ತಿರಲಿಲ್ಲ, ಸೆರಗು ಮಾತ್ರ ಕಾಣುತ್ತಿತ್ತು. ಐದು ನಿಮಿಷ ಕಳೆಯಿತು, ಹತ್ತಾಯಿತು. ಸೇದುವವರಿಲ್ಲದ ಪೈಪು ಎರಡು ನಿಮಿಷದಲ್ಲಿ ಆರಿಹೋಗುತ್ತದೆ, ಅದು ನನಗೆ ಗೊತ್ತು. ವಾಸನೆ ಇನ್ನೂ ಬರುತ್ತಲೇ ಇತ್ತು. ಭಾವನ ಮಕ್ಕಳು ಹಸಿವೆಂದು ಪಿಸುಗುಟ್ಟತೊಡಗಿದರು. ಬಾಗಿಲು ತೆಗೆಯಬೇಕಾದ ಹಿರಿಯರು ಏಳುವ ಲಕ್ಷಣವೇ ಇಲ್ಲ. ಐದು ತಿಂಗಳ ಕೆಲಸ ಪಾಸೋ ಫೇಲೋ ತಿಳಿಯದೆ ನನಗೂ ತಡೆಯಲಾಗಲಿಲ್ಲ.

"ಅತ್ತೆ, ಬಾಗಿಲು ತೆಗೆಯುವನಾ?" ಎಂದೆ.

ಅತ್ತೆ ತಿರುಗಿ ನೋಡಲಿಲ್ಲ. "ಸ್ವಲ್ಪ ನಿಲ್ಲು, ಮಾರಾಯ," ಎಂದರು. "ಅವರು ಸೇದಿ ಆಗಲಿ."