ದಿಬ್ಬದ ಜನರ ಮೆಹರ್ ಆಪಾ

ಕಥೆ ಶುರು ಮಾಡುವ ಮೊದಲು ಮೆಹರ್ ಆಪಾ ಕತ್ತರಿಗಳನ್ನೆಲ್ಲ ಬಚ್ಚಿಡಿಸುತ್ತಿದ್ದರು. ದೊಡ್ಡ ಕತ್ತರಿ, ಸಣ್ಣ ಕತ್ತರಿ, ಸೂಜಿಯ ಡಬ್ಬಿ ಎಲ್ಲವನ್ನೂ ಹಳೆಯ ದುಪ್ಪಟಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಬೇಕು. ಹೊಲಿಗೆ ಮೆಷಿನ್ನಿನ ಮೇಲೂ ಬಟ್ಟೆ ಹೊದಿಸಬೇಕು. "ದಿಬ್ಬದ ಜನಕ್ಕೆ ಕಬ್ಬಿಣ ಕಂಡ್ರೆ ಆಗಲ್ಲ ಬೇಟಿ. ಅವರ ಸುದ್ದಿ ಮಾತಾಡ್ತೀವಿ ಅಂದ್ಮೇಲೆ ಅಷ್ಟಾದ್ರೂ ಮರ್ಯಾದೆ ಬೇಡ್ವಾ?" ಎನ್ನುತ್ತಿದ್ದರು. ಹೊಲಿಗೆಯಿಂದಲೇ ಬದುಕುವ ಹೆಂಗಸು ದಿನಕ್ಕೆ ಅರ್ಧ ಗಂಟೆ ಬರಿಗೈಯಲ್ಲಿ ಕೂರುತ್ತಿದ್ದುದು ಅದೊಂದು ಹೊತ್ತು ಮಾತ್ರ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಟೀಚರ್ ಟ್ರೈನಿಂಗ್ ಮುಗಿಸಿ, ಕೆಲಸದ ಆರ್ಡರು ಬರುವ ತನಕ ನಾನು ಶಿಕಾರಿಪುರದ ಚಿಕ್ಕಪ್ಪನ ಮನೆಯಲ್ಲಿದ್ದೆ. ಸುಮ್ಮನೆ ಕೂರಬೇಡ ಎಂದು ಚಿಕ್ಕಮ್ಮ ಆಪಾ ಹತ್ತಿರ ಹೊಲಿಗೆಗೆ ಸೇರಿಸಿದಳು. ಆಪಾಗೆ ಆಗ ಐವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಸೊರಬಕ್ಕೆ ಕೊಟ್ಟಿದ್ದರು. ಎರಡು ಕೋಣೆಯ ಮನೆಯಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ನಾವು ನಾಲ್ಕು ಜನ ಹುಡುಗಿಯರು ಕಾಜಾ ಹೊಲಿಯುತ್ತ, ಗುಂಡಿ ಹಚ್ಚುತ್ತ ಕೂತಿರುತ್ತಿದ್ದೆವು. ನಾಲ್ಕೂವರೆಗೆ ಕಥೆ.

ಆ ಕಥೆ ಅವರಿಗೆ ಸಿಕ್ಕಿದ್ದು ಸಿಸ್ಟರ್ ನೋರಾ ಎಂಬವರಿಂದ. ಆಪಾ ಚಿಕ್ಕ ವಯಸ್ಸಿನಲ್ಲಿ ಶಿವಮೊಗ್ಗದ ಒಂದು ಕಾನ್ವೆಂಟಿನಲ್ಲಿ ಕಸೂತಿ ಕೆಲಸಕ್ಕಿದ್ದರಂತೆ. ಐರ್ಲೆಂಡಿನಿಂದ ಬಂದ ಆ ಸನ್ಯಾಸಿನಿ ಅರೆಬರೆ ಕನ್ನಡದಲ್ಲಿ ತಮ್ಮ ದೇಶದ ಹಳೆಯ ಸಂಗತಿಗಳನ್ನು ಹೇಳುತ್ತಿದ್ದರು: ಹಸಿರು ದಿಬ್ಬಗಳ ಒಳಗೆ ವಾಸಿಸುವ ಮುಪ್ಪಿಲ್ಲದ ಜನ, ಅಲ್ಲಿ ಒಂದು ಸಂಜೆ ಕಳೆದು ಬಂದರೆ ಇಲ್ಲಿ ನೂರು ವರ್ಷ ಕಳೆದುಹೋಗಿರುವುದು, ಹಕ್ಕಿಗಳಾಗಿ ಹೋದ ಮಕ್ಕಳು. ಆಪಾ ಇದನ್ನೆಲ್ಲ ಸಾರಾಸಗಟಾಗಿ ಶಿಕಾರಿಪುರಕ್ಕೆ ಹೊತ್ತು ತಂದರು. ಹಸಿರು ದಿಬ್ಬ ಅಕ್ಕಿ ಗಿರಣಿಯ ಹಿಂದಿನ ಮಣ್ಣುಗುಡ್ಡೆಯಾಯಿತು. ದಿಬ್ಬದ ರಾಣಿ ಸಂತೆಯ ದಿನ ಬಳೆ ಕೊಳ್ಳಲು ಬರುತ್ತಿದ್ದಳು. ಬಸ್ಸಿನ ಕಂಡಕ್ಟರ್ ಒಬ್ಬ ಅವರ ಕಡೆಯವನು. ಯಾವ ನಕ್ಷೆಯಲ್ಲೂ ಇಲ್ಲದ ಊರಿಗೆ ಟಿಕೆಟ್ ಹರಿಯುತ್ತಿದ್ದ. ಹಕ್ಕಿಯಾದ ಮಕ್ಕಳು, ದೂರದೂರದ ಹಕ್ಕಿಗಳು ಬಂದಿಳಿಯುವ ಗುಡವಿ ಕೆರೆಯಲ್ಲಿದ್ದರು.

ಕಥೆಯಲ್ಲಿ ಈ ಜನರ ಜೊತೆ ಹೆಣಗುವವರು ನಾಲ್ವರು ಹುಡುಗಿಯರು. ಒಬ್ಬಳ ಮಾತು ನೀರು, ಒಬ್ಬಳದು ಬೆಂಕಿ, ಒಬ್ಬಳದು ಗಾಳಿ, ಒಬ್ಬಳದು ಮಣ್ಣು ಕೇಳುತ್ತಿತ್ತು. ಪಂಚಭೂತದಲ್ಲಿ ಆಕಾಶ ಎಲ್ಲಿ ಹೋಯಿತು ಎಂದು ನಾನು ಕೇಳಿದ್ದಕ್ಕೆ, "ಆಕಾಶ ಯಾರ ಕೈಗೂ ಕೊಡೋದಲ್ಲ ಬೇಟಿ" ಎಂದು ಮುಗಿಸಿಬಿಟ್ಟರು. ಐದು ಹೊಡೆಯುವ ಹೊತ್ತಿಗೆ ಆ ಹುಡುಗಿಯರಲ್ಲಿ ಒಬ್ಬಳಾದರೂ ದಿಬ್ಬದ ಬಾಗಿಲಲ್ಲಿ ಸಿಕ್ಕಿಕೊಂಡಿರುತ್ತಿದ್ದಳು. "ಹೋಗ್ರಿ, ಮನೇಲಿ ಕಾಯ್ತಿರ್ತಾರೆ" ಎಂದು ಆಪಾ ಏಳುತ್ತಿದ್ದರು.

ನಮ್ಮ ಜೊತೆಯ ಗಿರಿಜಾ ಎಂಬವಳ ಅಪ್ಪ ಒಂದು ದಿನ ಸಿಟ್ಟಿನಿಂದ ಬಂದರು. "ಹೊಲಿಗಿ ಕಲಿಸ್ರಿ ಅಂತ ಕಳಿಸಿದ್ರೆ ದೆವ್ವದ ಕಥಿ ಹೇಳ್ತೀರಂತಲ್ರೀ?" ಎಂದರು. ಆಪಾ ಎದ್ದು ಒಳಗೆ ಹೋದರು. ಗಿರಿಜಾ ಹೊಲಿದ ರವಿಕೆಯನ್ನು ತಂದು ಅವರ ಕೈಗಿಟ್ಟರು. "ಒಂದು ಹೊಲಿಗೆ ಸೊಟ್ಟ ಇದ್ರೆ ತೋರ್ಸ್ರಿ ಅಣ್ಣಾ. ನಾಳೆಯಿಂದ ಕಥೆ ಬಂದ್." ಅವರು ಕನ್ನಡಕ ಹಾಕಿಕೊಂಡು ರವಿಕೆಯನ್ನು ಒಳಗೂ ಹೊರಗೂ ತಿರುಗಿಸಿ ನೋಡಿದರು. ಕೊನೆಗೆ, "ಅಲ್ರೀ, ಆ ಗಾಳಿ ಹುಡುಗಿ ಹೊರಗೆ ಬಂದ್ಲೋ ಇಲ್ವೋ? ಮನ್ಯಾಗ ದಿನಾ ಅದೇ ಮಾತು" ಎಂದರು.

ಆಪಾಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಮನೆಗೆ ಹೋದಮೇಲೆ ನಾನು ಅಂದಂದಿನ ಕಥೆಯನ್ನು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಮೊದಮೊದಲು ಮರೆಯಬಾರದೆಂದು ಬರೆದೆ. ಆಮೇಲೆ ನನ್ನ ಬರವಣಿಗೆಯ ಮೇಲೆ ನನಗೇ ಮೋಹ ಹುಟ್ಟಿತು. ಯಾರಿಗೂ ಹೇಳದೆ ಮೊದಲ ಭಾಗವನ್ನು ಒಂದು ವಾರಪತ್ರಿಕೆಗೆ ಕಳಿಸಿದೆ. ಕೆಳಗೆ ನನ್ನ ಹೆಸರು ಬರೆದೆ. ಎರಡು ತಿಂಗಳಿಗೆ ಅದು ಅಚ್ಚಾಗಿ ಬಂತು. ಚಿಕ್ಕಪ್ಪ ಬೀದಿಗೆಲ್ಲ ತೋರಿಸಿದರು. ನಾನು ಮೈ ಬಿಸಿಯಾಗಿದೆ ಎಂದು ಹೇಳಿ ಮೂರು ದಿನ ಹೊಲಿಗೆಗೆ ಹೋಗಲಿಲ್ಲ.

ನಾಲ್ಕನೆಯ ದಿನ ಹೋದಾಗ ಪತ್ರಿಕೆ ಆಪಾ ಮಂಚದ ಮೇಲಿತ್ತು. ಗಿರಿಜಾ ತಂದುಕೊಟ್ಟಿದ್ದಳು.

"ಓದು, ಕೇಳ್ತೀನಿ" ಎಂದರು.

ಓದಿದೆ. ಆಪಾ ಕಣ್ಣು ಮುಚ್ಚಿ ಕೇಳಿದರು. ಒಂದೆರಡು ಕಡೆ ನಕ್ಕರು ಕೂಡ. ಮುಗಿದ ಮೇಲೆ, "ಚೆನ್ನಾಗಿ ಬರ್ದಿದೀಯ. ಸಿಸ್ಟರ್ ಹೆಸರು ಎಲ್ಲಿದೆ?" ಎಂದರು.

"ಇಲ್ಲ ಆಪಾ. ನಿಮ್ಮದೂ ಇಲ್ಲ. ತಪ್ಪಾಯ್ತು."

"ನಂದು ಇರ್ಲಿ ಬಿಡು. ಅವರು ತಾಯಿ, ತಂದೆ, ಊರು ಎಲ್ಲಾ ಬಿಟ್ಟು ಬಂದವರು. ಬರುವಾಗ ತಂದಿದ್ದು ಇದೊಂದೇ. ವಾಪಸ್ ಹೋಗ್ಲಿಲ್ಲ, ಇಲ್ಲೇ ಮಣ್ಣಾದ್ರು. ಅವರ ಹೆಸರಾದ್ರೂ ಹಾಕ್ಬೇಕಿತ್ತು."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಅವತ್ತು ಕತ್ತರಿಗಳನ್ನು ಮಾತ್ರ ಯಾರೂ ಬಚ್ಚಿಡಲಿಲ್ಲ. ಮರುದಿನವೂ ಇಲ್ಲ. ನಾಲ್ಕೂವರೆಯಾದರೆ ಮೆಷಿನ್ನಿನ ಸದ್ದೊಂದೇ. ಉಳಿದ ಹುಡುಗಿಯರು ನನ್ನ ಮುಖ ನೋಡುತ್ತಿರಲಿಲ್ಲ.

ನಾನು ಸಂಪಾದಕರಿಗೆ ಕಾಗದ ಬರೆದೆ. ಇದು ನನ್ನ ಕಥೆಯಲ್ಲ, ಹೇಳಿದವರು ಇಂಥವರು, ಅವರಿಗೆ ಹೇಳಿದವರು ಇಂಥವರು ಎಂದೆಲ್ಲ ವಿವರಿಸಿದೆ. ಉತ್ತರ ಬರುವ ಮೊದಲೇ ಸೊರಬದಲ್ಲಿ ಮಗಳ ಹೆರಿಗೆ ಕಷ್ಟವಾಗಿ, ಆಪಾ ಒಂದು ಟ್ರಂಕು ಹಿಡಿದು ಹೊರಟರು. ತಾಯಿ ಮಗು ಉಳಿದರು. ಆಪಾ ಅಲ್ಲಿಯೇ ನಿಂತರು. ನನಗೂ ಕೆಲಸದ ಆರ್ಡರು ಬಂತು.

ಒಂದು ವರ್ಷ ಕಳೆದ ಮೇಲೆ ಪತ್ರಿಕೆಯವರು, ನಾನು ಆ ಕಾಗದದ ಜೊತೆ ಕಳಿಸಿದ್ದ ಎರಡನೆಯ ಭಾಗ ಹಾಕಿದರು. ಅದನ್ನು ಹಿಡಿದು ಭಾನುವಾರದ ಬಸ್ಸಿಗೆ ಸೊರಬಕ್ಕೆ ಹೋದೆ. ಆಪಾ ಜಗಲಿಯ ಮೇಲೆ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಧ್ವನಿಯಿಂದ ಗುರುತು ಹಿಡಿದು, "ಲಲಿತಾ, ಬಾ ಬೇಟಿ. ಊಟ ಆಯ್ತಾ?" ಎಂದರು.

ಅವರ ಬೆರಳು ಹಿಡಿದು ಅಚ್ಚಿನ ಸಾಲಿನಲ್ಲಿ ಒಂದೊಂದೇ ಹೆಸರಿನ ಉದ್ದಕ್ಕೂ ಎಳೆದೆ. "ಇದು ನೀವು ಆಪಾ. ಇದು ಸಿಸ್ಟರ್ ನೋರಾ."

ಎರಡನೆಯ ಹೆಸರಿನ ಮೇಲೆ ಬೆರಳು ತುಂಬ ಹೊತ್ತು ನಿಂತಿತು. "ಇಷ್ಟು ಚಿಕ್ಕದಾ, ಅವರ ಹೆಸರು ಕನ್ನಡದಲ್ಲಿ?" ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಳಗಿನಿಂದ ಚಹಾ ಬಂತು. ಕುಡಿಯುತ್ತ ಧೈರ್ಯ ಮಾಡಿ ಕೇಳಿದೆ. "ಮಣ್ಣಿನ ಹುಡುಗಿ ದಿಬ್ಬದೊಳಗೇ ಉಳಿದಳಲ್ಲ ಆಪಾ. ಮುಂದೇನಾಯ್ತು?"

"ಸಿಸ್ಟರ್ ಅಷ್ಟಕ್ಕೇ ನಿಲ್ಸಿದ್ರು. ಅದರಾಚೆ ನಂಗೂ ತೋಚಿಲ್ಲ. ನೀನು ಹೇಳು."

"ನಾನಾ?"

"ನೀನೇ. ನನ್ನ ಕಣ್ಣಿಗೆ ಈಗ ಬೇರೆ ಏನು ಕೆಲ್ಸ? ಕೇಳ್ತೀನಿ."

ಹೇಳತೊಡಗಿದೆ. ಗೆಳತಿ ಹೊರಬರುವ ತನಕ ಉಳಿದ ಮೂವರೂ ಊರಿನ ಗಡಿಯಾರಗಳನ್ನೆಲ್ಲ ನಿಲ್ಲಿಸುತ್ತ ಬೀದಿ ಬೀದಿ ಅಲೆದರು ಎಂದೆ. ಹೊರಗೆ ನೂರು ವರ್ಷ ಆಗಿಹೋಗದ ಹಾಗೆ. ಆಪಾ ಒಂದು ಕಡೆ ಮಾತ್ರ ತಡೆದರು: "ಗಡಬಡ ಮಾಡ್ಬೇಡ. ಮಣ್ಣಿನ ಹುಡುಗಿ ಇನ್ನೂ ಕೆರೆ ಏರಿ ಹತ್ತಿಲ್ಲ." ಏರಿ ಹತ್ತಿಸಿದೆ. ಕಡೆಯ ಬಸ್ಸಿನ ಹೊತ್ತಾಗಿತ್ತು.

ಮಳೆಗಾಲ ಕಳೆದು ಮತ್ತೆ ಹೋಗುವಷ್ಟರಲ್ಲಿ ಆಪಾ ಇರಲಿಲ್ಲ. ಎರಡೇ ದಿನದ ಜ್ವರವಂತೆ. ಮಗಳು ಕೂರಿಸಿ ನೀರು ಕೊಟ್ಟಳು. ಅಮ್ಮನ ಹತ್ತಿರ ಕಥೆ ಕೇಳಲು ಓಣಿಯ ಹೆಣ್ಣುಮಕ್ಕಳೆಲ್ಲ ಬರುತ್ತಿದ್ದರು ಎಂದಳು.

"ಕೊನೇ ಭಾಗ ಹೇಳೋವಾಗ ಮಾತ್ರ ಅಮ್ಮ ಸುಮ್ನೆ ಶುರು ಮಾಡ್ತಿರ್ಲಿಲ್ಲ ಅಕ್ಕಾ. 'ಇದು ನಂದಲ್ಲ, ಶಿಕಾರಿಪುರದ ಲಲಿತಾ ಟೀಚರ್ ಹೇಳಿದ್ದು' ಅಂತ ನಿಮ್ಮ ಹೆಸರು ಹೇಳಿ ಆಮೇಲೇ ಶುರು."