ಮಾರಕ್ಕ ಕಟ್ಟಿದ ಐಸು

ತಮಿಳುನಾಡಿನ ಪೆನ್ನಾಗರಂ ಕಡೆಯ ಒಣನೆಲದಲ್ಲಿ ಯಾರದೇ ಕುರಿಯ ಕಾಲು ಮುರಿದರೂ ಮೊದಲು ನೆನಪಾಗುವ ಹೆಸರು ಮಾರಕ್ಕನದು. ವಯಸ್ಸು ಅರವತ್ತೆರಡು, ಎತ್ತರ ಐದಡಿಗೂ ಕಡಿಮೆ, ಬಾಯಿ ಮಾತ್ರ ಊರಗಲ. ನಾಲ್ಕು ಬಿದಿರಿನ ಸೀಳು, ಹಳೆಯ ಸೀರೆಯ ಒಂದು ಪಟ್ಟಿ, ಇಷ್ಟೇ ಅವಳ ಸಾಮಾನು. ಕುರಿಯನ್ನು ಮಂಡಿಗಳ ನಡುವೆ ಅದುಮಿಕೊಂಡು ಕಟ್ಟು ಬಿಗಿಯುತ್ತಾಳೆ. ಕುರಿ ಅರಚುತ್ತದೆ, ಇವಳು ಇನ್ನಷ್ಟು ಬಿಗಿಯುತ್ತಾಳೆ. ಸ್ವಲ್ಪ ಹೊತ್ತಿಗೆ ಅರಚಾಟ ನಿಲ್ಲುತ್ತದೆ. "ಸುಮ್ಕಾಯ್ತು. ಇನ್ನು ವಾಸಿ" ಎಂದು ಕೈ ಕೊಡವಿಕೊಂಡು ಏಳುತ್ತಾಳೆ. ನಲವತ್ತು ವರ್ಷಗಳಿಂದ ಅವಳ ವೈದ್ಯ ನಡೆದದ್ದು ಹೀಗೆಯೇ. ಒಂದೆರಡು ಕುರಿಗಳು ಕುಂಟಾದದ್ದನ್ನು ಅವಳೆದುರು ಎತ್ತುವ ಧೈರ್ಯ ಯಾರಿಗೂ ಇಲ್ಲ.

ಮಗಳು ಮೆಟ್ಟೂರಿನಲ್ಲಿ ಮಿಲ್ಲಿನ ಕೆಲಸಕ್ಕಿರುವುದರಿಂದ ಮೊಮ್ಮಗಳು ಗಂಗಾಲಕ್ಷ್ಮಿ ಬೆಳೆದದ್ದೇ ಅಜ್ಜಿಯ ಹಟ್ಟಿಯಲ್ಲಿ. ಹದಿನೇಳರ ಹುಡುಗಿ, ಕಬಡ್ಡಿಯಲ್ಲಿ ರೈಡಿಗೆ ಇಳಿದರೆ ಹಿಡಿಯುವವರಿಲ್ಲ. ಧರ್ಮಪುರಿಯಲ್ಲಿ ಜಿಲ್ಲಾ ತಂಡದ ಆಯ್ಕೆಗೆ ಇನ್ನು ಆರು ವಾರ ಉಳಿದಿತ್ತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕಡೆಯ ವರ್ಷ. ಮಾರಕ್ಕನಂತೂ ಮೊಮ್ಮಗಳು ಆಗಲೇ ಆಯ್ಕೆಯಾದಳೆಂದು ಅರ್ಧ ಊರಿಗೆ ಸಾರಿಬಿಟ್ಟಿದ್ದಳು.

ಅಂಥ ಹೊತ್ತಿನಲ್ಲಿ ಗಂಗಾ ಅಭ್ಯಾಸ ಮಾಡುತ್ತ ಬದುವಿನ ಮೇಲಿಂದ ಹಾರಿ ಕಾಲು ತಿರುಚಿಕೊಂಡಳು. ಮನೆಗೆ ಕುಂಟುತ್ತ ಬರುವಷ್ಟರಲ್ಲಿ ಬಲಗಾಲಿನ ಹರಡು ಬನ್ನಿನಂತೆ ಊದಿತ್ತು. ಮೆಟ್ಟೂರಿನ ಮೀನು ಮಾರಲು ಬಂದಿದ್ದ ಮುತ್ತುಸ್ವಾಮಿ ಮೊಪೆಡ್ ನಿಲ್ಲಿಸಿ ನೋಡಿದ.

"ಐಸ್ ಇಡಕ್ಕಾ. ಟೀವೀಲಿ ನೋಡಿಲ್ವಾ, ಕ್ರಿಕೆಟ್‌ನೋರೆಲ್ಲಾ ಅದ್ನೇ ಇಡದು" ಎಂದು ಪೆಟ್ಟಿಗೆಯಿಂದ ಎರಡು ಹಿಡಿ ಐಸುಗಡ್ಡೆ ತೆಗೆದುಕೊಟ್ಟ.

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ತಪ್ಪು ಮಾಡಿದ್ದು ನಮ್ಮ ಮಾರಕ್ಕ. ಐಸನ್ನು ಬರಿಯ ಚರ್ಮದ ಮೇಲೆಯೇ ಇಟ್ಟು, ಕುರಿಗೆ ಕಟ್ಟುವ ಹಾಗೆ ಸೀರೆಯ ಪಟ್ಟಿಯಿಂದ ಜಗ್ಗಿ ಬಿಗಿದಳು.

"ಉರೀತೈತಜ್ಜಿ."

"ಉರೀಲಿ. ಔಷ್ದ ಅಂದ್ಮೇಲೆ ಉರೀದೆ ಇರ್ತೈತಾ?"

ಗಂಗಾ ಹಲ್ಲು ಕಚ್ಚಿಕೊಂಡು ಕೂತಳು. ಸ್ವಲ್ಪ ಹೊತ್ತಿನ ಮೇಲೆ ನರಳಾಟ ನಿಂತಿತು. "ಈಗ ಏನೂ ಗೊತ್ತಾಗ್ತಿಲ್ಲ" ಎಂದಳು. ಮಾರಕ್ಕನಿಗೆ ಬೇಕಾಗಿದ್ದುದೂ ಅದೇ. ಸುಮ್ಮನಾಯಿತೆಂದರೆ ವಾಸಿ. ಅವಳು ನೆಮ್ಮದಿಯಾಗಿ ಒಳಗೆ ಹೋಗಿ ಮುದ್ದೆ ತಿರುವಿದಳು, ಸಾರಿಗೆ ಒಗ್ಗರಣೆ ಹಾಕಿದಳು. ಒಂದು ಗಂಟೆಯಾದ ಮೇಲೆ ಕಟ್ಟು ಬಿಚ್ಚಿ ನೋಡಿದರೆ ಕಾಲು ಮೇಣದ ಬತ್ತಿಯಂತೆ ಬೆಳ್ಳಗಾಗಿತ್ತು. ಬೆಳಗಾಗುವ ಹೊತ್ತಿಗೆ ಕೆಂಪಗೆ ಬೊಬ್ಬೆಗಳೆದ್ದಿದ್ದವು.

ಮೊದಲ ಬಸ್ಸಿಗೇ ಧರ್ಮಪುರಿಗೆ ಓಡಿದರು. ಅಲ್ಲಿ ಫಿಸಿಯೋಥೆರಪಿ ಮಾಡುವ ಧನಶೇಖರ್ ಮೊದಲು ತಮಿಳಿನಲ್ಲಿ ಗದರಿದ. ಅಜ್ಜಿ ಮೊಮ್ಮಗಳ ಗುಸುಗುಸು ಕೇಳಿ, "ಮನೇಲಿ ಕನ್ನಡಾನಾ? ನಮ್ದೂ ಅದೇ, ತಾರಮಂಗಲಂ" ಎಂದು ಕನ್ನಡದಲ್ಲಿ ಗದರುವುದನ್ನು ಮುಂದುವರಿಸಿದ.

"ಐಸ್ ಒಳ್ಳೇದೇ ಅಮ್ಮಾ. ಮೊದಲೆರಡು ದಿನ ನೋವಿಗೆ ಇಡ್ಬಹುದು. ಆದ್ರೆ ಮಧ್ಯೆ ಒದ್ದೆ ಬಟ್ಟೆ ಬೇಕು. ಹತ್ತು ನಿಮಿಷ, ಹೆಚ್ಚಂದ್ರೆ ಹದಿನೈದು. ಹಂಗೇ ಬಿಗಿದು ಕಟ್ಟಿ ಅಡುಗೆಗೆ ಹೋಗ್ಬಾರ್ದು, ಪಕ್ಕದಲ್ಲೇ ಕೂತು ನಡುನಡುವೆ ಬಟ್ಟೆ ಎತ್ತಿ ಚರ್ಮ ನೋಡ್ಬೇಕು. ತಿರುಗಿ ಇಡೋಕೆ ಎರಡು ಗಂಟೆಯಾದ್ರೂ ಬಿಡ್ಬೇಕು."

"ಇವ್ಳು ಸುಮ್ಕಾದ್ಲಲ್ಲಾ ಸಾರ್. ಕುರಿ ಸುಮ್ಕಾದ್ರೆ ವಾಸಿ ಅಂತ ನಾವು..."

"ಸುಮ್ಕಾದದ್ದು ವಾಸಿಯಾಗಿ ಅಲ್ಲಮ್ಮಾ, ಜೋಮು ಹಿಡಿದು. ಜೋಮು ಬಂತು ಅಂದ್ರೆ ತಕ್ಷಣ ತೆಗೀಬೇಕು. ಜೋಮು ಹಿಡಿದ ಕಾಲಲ್ಲಿ ಆಡೋಕೂ ಬಿಡ್ಬಾರ್ದು. ತಿರುಗಿ ತಿರುಚಿದ್ರೂ ಅವಳಿಗೆ ಗೊತ್ತಾಗಲ್ಲ."

ಅವನು ಗಂಗಾಳ ಕಣ್ಣು ಮುಚ್ಚಿಸಿ, ಕಾಲ್ಬೆರಳುಗಳನ್ನು ಒಂದೊಂದಾಗಿ ಹತ್ತಿಯಿಂದ ಸವರಿ ಯಾವುದೆಂದು ಕೇಳಿದ. ಗಂಗಾ ಎಲ್ಲವನ್ನೂ ಸರಿಯಾಗಿ ಹೇಳಿದಳು. ಮಾರಕ್ಕನಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ನಾಚಿಕೆಯೂ ಆಯಿತು. ನಲವತ್ತು ವರ್ಷಗಳಲ್ಲಿ ತನ್ನ ಮಂಡಿಗಳ ನಡುವೆ ಸುಮ್ಮನಾದ ಕುರಿಗಳೆಲ್ಲ ಅವಳ ಕಣ್ಣ ಮುಂದೆ ಬಂದವು.

ಬೊಬ್ಬೆ ಒಣಗುವುದಕ್ಕೇ ಎರಡು ವಾರ ಹಿಡಿಯಿತು. ಆಮೇಲೆ ಮಾರಕ್ಕ ಯಾವ ಪೊಲೀಸಿಗೂ ಕಡಿಮೆಯಿಲ್ಲದಂತೆ ಹಿಂದೆ ಬಿದ್ದಳು. ಧನಶೇಖರ್ ಹೇಳಿಕೊಟ್ಟ ಕಸರತ್ತುಗಳನ್ನು ಕುರಿ ಮೇಯಿಸುವ ಬಯಲಿನಲ್ಲೇ ಮಾಡಿಸಿದಳು. ಗಂಗಾ ಒಂಟಿ ಕಾಲಲ್ಲಿ ನಿಲ್ಲುವುದು, ಅಜ್ಜಿ ಎಣಿಸುವುದು, ನಡುವೆ ಟಗರು ಬಂದು ಹುಡುಗಿಯನ್ನು ಗುಮ್ಮುವುದು, ಮತ್ತೆ ಮೊದಲಿನಿಂದ ಎಣಿಕೆ. ಐದನೆಯ ವಾರದ ಕೊನೆಗೆ ಧನಶೇಖರ್ ಅವಳಿಗೆ ಕುಪ್ಪಳಿಸಲು ಹೇಳಿ ನೋಡಿ, "ಆಡಬಹುದು, ಗಟ್ಟಿಯಾಗಿದೆ" ಎಂದ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಮಾರಕ್ಕ ಗುರುತಿದ್ದವರಿಗೆ, ಗುರುತಿಲ್ಲದವರಿಗೆ ಅದನ್ನೇ ಹೇಳಿದಳು.

ಆಯ್ಕೆಯ ದಿನ ಮೈದಾನದ ತುಂಬ ಹುಡುಗಿಯರು, ಸೀಟಿ, ಧೂಳು. ಗಂಗಾಳ ಹೆಸರು ಎರಡನೆಯ ಗುಂಪಿನಲ್ಲಿತ್ತು. ಕಾಫಿ ಕುಡಿದು ಬಂದ ಮಾರಕ್ಕ ನೋಡುತ್ತಾಳೆ, ಮೊಮ್ಮಗಳು ಬೇವಿನ ಮರದ ಕೆಳಗೆ ತೀರ ಸುಮ್ಮನೆ ಕೂತಿದ್ದಾಳೆ. ಬೆಳಗಿನಿಂದ ವಟಗುಟ್ಟುತ್ತಿದ್ದ ಹುಡುಗಿ. ಆ ಸುಮ್ಮನಿರುವಿಕೆ ಅವಳಿಗೆ ಹಿಡಿಸಲಿಲ್ಲ. ಕಾಲ ಮೇಲಿದ್ದ ಟವೆಲ್ ಎತ್ತಿದರೆ ಕೆಳಗೆ ಐಸ್ ಪೊಟ್ಟಣವಿತ್ತು.

"ಎಷ್ಟೊತ್ತಾತಲೇ?"

"ಬಟ್ಟೆ ಸುತ್ತಿದೀನಜ್ಜಿ... ಅರ್ಧ ಗಂಟೆ. ಓಡುವಾಗ ನೋವು ಬಂದ್ರೆ ಏನ್ ಮಾಡ್ಲಿ? ಈಗ ಏನೂ ನೋವಿಲ್ಲ."

ಮಾರಕ್ಕ ಐಸನ್ನು ದೂರ ಎಸೆದಳು. "ಕಣ್ಮುಚ್ಚು" ಎಂದು ಒಂದು ಬೆರಳನ್ನು ಸವರಿದಳು. ಗಂಗಾ ಸುಮ್ಮನಿದ್ದಳು. ಇನ್ನೊಂದನ್ನು ಸವರಿದಳು. "ಮುಟ್ಟು ಅಜ್ಜಿ" ಎಂದಳು ಗಂಗಾ.

ಅಷ್ಟರಲ್ಲಿ ಎರಡನೆಯ ಗುಂಪನ್ನು ಕರೆದರು. ಕಳಿಸಿದರೆ ಕಾಲು, ಕಳಿಸದಿದ್ದರೆ ಹುಡುಗಿಯ ಕಡೆಯ ವರ್ಷ. ಏಳಲು ಹೋದ ಗಂಗಾಳನ್ನು ಭುಜ ಅದುಮಿ ಕೂರಿಸಿ, ಮಾರಕ್ಕ ಚಪ್ಪಲಿಯನ್ನೂ ಮೆಟ್ಟದೆ ಆಯ್ಕೆ ನಡೆಸುತ್ತಿದ್ದ ಕೋಚ್ ಮೇಡಂ ಬಳಿ ಓಡಿದಳು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಎಲ್ಲವನ್ನೂ ಒಪ್ಪಿಸಿದಳು. ತಾನು ಮೊದಲು ಮಾಡಿದ ತಪ್ಪನ್ನೂ ಮುಚ್ಚಿಡಲಿಲ್ಲ. ಅವಳ ಪಾಲಿಗೆ ಅದು ಸಣ್ಣ ಮಾತಲ್ಲ.

ಮೇಡಂ ಪಟ್ಟಿ ನೋಡಿದರು. "ಕಡೇ ಗುಂಪಿಗೆ ಹಾಕ್ತೀನಿ. ಅಷ್ಟರಲ್ಲಿ ಕಾಲು ಸರಿ ಇಲ್ಲಾಂದ್ರೆ ಪಟ್ಟಿಯಿಂದ ಪೇರು ತೆಗೆದುಬಿಡ್ತೀನಿ ಅಜ್ಜಿ."

ಗಂಗಾ ಅತ್ತಳು, ಮುಖ ತಿರುಗಿಸಿದಳು, ಅಜ್ಜಿಯೊಂದಿಗೆ ಮಾತು ಬಿಟ್ಟಳು. ಮಾರಕ್ಕ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಮೂರನೆಯ ಗುಂಪು ಆಡಿ ಮುಗಿಸಿತು. ನಾಲ್ಕನೆಯದೂ ಮುಗಿಯುತ್ತ ಬಂತು. ಮಾರಕ್ಕ ಮುಟ್ಟಿದಾಗಲೆಲ್ಲ ಹುಡುಗಿ ತಲೆಯಾಡಿಸಿದಳು, ಇಲ್ಲ. ಕಡೆಯ ಗುಂಪನ್ನು ಸಾಲು ನಿಲ್ಲಿಸುತ್ತಿದ್ದಾಗ ಮಾರಕ್ಕ ಅಂಗಾಲನ್ನು ಮೆಲ್ಲಗೆ ಗೀರಿದಳು. ಗಂಗಾ ಕಾಲನ್ನು ಕಿತ್ತುಕೊಂಡಳು.

"ಬಿಡಜ್ಜಿ, ಕಚಗುಳಿ."

ಮಾರಕ್ಕ ಬಿಡಲಿಲ್ಲ. ಕಣ್ಣು ಮುಚ್ಚಿಸಿ ಐದು ಬೆರಳನ್ನೂ ಸವರಿದಳು, ಐದನ್ನೂ ಹೇಳಿಸಿದಳು. ಎಬ್ಬಿಸಿ ನಡೆಸಿದಳು, ಬಲಗಾಲಲ್ಲಿ ಹತ್ತು ಸಲ ಕುಪ್ಪಳಿಸುವಂತೆ ಮಾಡಿದಳು.

"ನೋವು?"

ಗಂಗಾ ಇನ್ನೊಮ್ಮೆ ಕುಪ್ಪಳಿಸಿ ನೋಡಿದಳು. "ಇಲ್ಲಜ್ಜಿ. ನಿಜವಾಗ್ಲೂ ಇಲ್ಲ" ಎಂದಳು. ಅವಳ ಮುಖದಲ್ಲಿ ಬೆರಗಿತ್ತು. ನೋವು ಎಂದೋ ಹೋಗಿತ್ತು, ಉಳಿದದ್ದು ಬರೀ ಭಯ.

ಮೊದಲನೆಯ ರೈಡಿನಲ್ಲೇ ಇಬ್ಬರನ್ನು ಮುಟ್ಟಿ, ಮೂರನೆಯವಳ ಕೈಯಿಂದ ನುಣುಚಿ, ಗಂಗಾ ಗೆರೆ ದಾಟಿದಳು. ಸಂಜೆ ಓದಿದ ಹನ್ನೆರಡು ಹೆಸರುಗಳಲ್ಲಿ ಹತ್ತನೆಯದು ಅವಳದು.

ಮರುದಿನ ಪಕ್ಕದ ಹಟ್ಟಿಯಿಂದ ಕಾಲು ಮುರಿದ ಒಂದು ಮರಿಯನ್ನು ತಂದರು. ಮಾರಕ್ಕ ಕಟ್ಟು ಹಾಕಿದಳು. ಮರಿ ಅರಚಿತು, ಆಮೇಲೆ ಸುಮ್ಮನಾಯಿತು. ಅವಳು ಎದ್ದು ಹೋಗಲಿಲ್ಲ. ಪಟ್ಟಿಯನ್ನು ಒಂದು ಸುತ್ತು ಸಡಿಲಿಸಿ, ಗೊರಸಿನ ಸಂದಿಗೆ ಬೆರಳಿಟ್ಟು, ಅದು ಕಾಲು ಕೊಡವುವವರೆಗೂ ಅಲ್ಲೇ ಕೂತಿದ್ದಳು.